ಮುಳುಗಣ್ಣನ ಒಳಗೆ ಯಾರ ಕೈ?

ಮುಳುಗಣ್ಣನ ಬಾಯಿ ಮುಚ್ಚಿತ್ತು. ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಮುಳುಗಣ್ಣ ಎಂದರೆ ನೀರುನಾಯಿ. ಟೀವಿಯಲ್ಲಿ ಮಕ್ಕಳಿಗಾಗಿ ಬರುವ ಕಾಡಿನ ಸಾಹಸ ಸರಣಿಯ ನಾಯಕ. ಕಂದು ಬಟ್ಟೆಯ ಗೊಂಬೆ. ಒಳಗಿನ ಕೈ ನನ್ನದು, ದನಿಯೂ ನನ್ನದು. ಪ್ರತಿ ಕಂತಿನಲ್ಲೂ ಅಳಿಲು ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತದೆ, ಮುಳುಗಣ್ಣ ಹೊಳೆಗೆ ಹಾರಿ ಅದನ್ನು ಪಾರು ಮಾಡುತ್ತಾನೆ. ಕೊನೆಗೆ ಮರದ ದಿಮ್ಮಿಯ ಮೇಲೆ ಕೂತು, "ಯಾಕೆ ಮುಖ ಬಾಡಿದೆ ಬಂಗಾರ? ಬಾ, ನನ್ನ ಪಕ್ಕ ಕೂತ್ಕೋ" ಎನ್ನುತ್ತಾನೆ. ಈ ಒಂದು ಮಾತಿಗಾಗಿ ಮಕ್ಕಳು ತಟ್ಟೆ ಬಿಟ್ಟು ಎದ್ದು ಬರುತ್ತಾರಂತೆ. ನನ್ನ ಮುಖ ಯಾರಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಆದರೆ ಆ ಗೊಂಬೆ ಕೈತಪ್ಪಿತೋ, ನನ್ನನ್ನು ಕೇಳುವವರಿಲ್ಲ.

ಅದಕ್ಕೇ ಅವನನ್ನು ಗೂಟಕ್ಕೆ ಸಿಕ್ಕಿಸುವಾಗ ಬಾಯಿಯನ್ನು ಒಂದು ಚೂರು ತೆರೆದೇ ಇಡುತ್ತೇನೆ. ಮುಚ್ಚಿಟ್ಟರೆ ದವಡೆಯ ಬಟ್ಟೆ ಸುಕ್ಕಾಗುತ್ತದೆ. ಅಂದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಬಾಯಿ ಗಪ್ಪನೆ ಮುಚ್ಚಿದೆ. ಒಳಗೆ ಕೈ ಹಾಕಿದೆ. ಈಗಷ್ಟೇ ಯಾರೋ ಎದ್ದು ಹೋದ ಕುರ್ಚಿಯ ಹಾಗೆ ಬೆಚ್ಚಗಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು.

ಸ್ಟುಡಿಯೋದಲ್ಲಿ ನನ್ನನ್ನು ಪತ್ತೇದಾರ ಎಂದು ಆಡಿಕೊಳ್ಳುತ್ತಾರೆ, ಬೆನ್ನ ಹಿಂದೆ. ಆಡಿಕೊಳ್ಳಲಿ. ಅನುಮಾನ ಪಡದವನ ತಲೆಯ ಮೇಲೆ ಟೋಪಿ ಬೀಳಲು ಎಷ್ಟು ಹೊತ್ತು? ಮೊನ್ನೆಯಷ್ಟೇ ನಿರ್ದೇಶಕರು ಕಾಫಿ ಹೀರುತ್ತ, "ಮುಂದಿನ ಸರಣೀಲಿ ಸ್ವಲ್ಪ ಬದಲಾವಣೆ ಇರುತ್ತೆ" ಎಂದಿದ್ದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಅದೇ ವಾರ ಅಳಿಲಿನವನು, ಅಂದರೆ ಅಳಿಲು ಆಡಿಸುವ ಆ ನಗುಮುಖದ ಮನುಷ್ಯ, ಹತ್ತಿರ ಬಂದು ಬೆಣ್ಣೆ ಹಚ್ಚಿದ್ದ.

"ಸಾರ್, ಮುಳುಗಣ್ಣನ ದನಿ ಗಂಟಲಲ್ಲಿ ಎಲ್ಲಿಂದ ತೆಗೀತೀರಿ? ನಂಗಂತೂ ಬರಲ್ಲಪ್ಪ."

ಬರಲ್ಲ ಎಂದು ಗೊತ್ತಾಗಬೇಕಾದರೆ ಪ್ರಯತ್ನ ಪಟ್ಟಿರಬೇಕಲ್ಲ! ನಿರ್ದೇಶಕರ ಮಾತಿಗೂ ಇವನ ಪ್ರಶ್ನೆಗೂ ಗಂಟು ಹಾಕಿದೆ. ಸರಿಯಾಗಿ ಕೂತಿತು.

ಕಳ್ಳನನ್ನು ಸಾಕ್ಷಿ ಸಮೇತ ಹಿಡಿಯಬೇಕೆಂದು ಮಾರನೆಯ ದಿನ ಊಟಕ್ಕೆ ಮುಂಚೆ ಹೊಲಿಗೆ ಕೋಣೆಗೆ ಹೋದೆ. ನನ್ನ ಹೆಂಡತಿ ಇದೇ ಸ್ಟುಡಿಯೋದ ದರ್ಜಿ. ನನ್ನ ಕೈಯ ಅಳತೆ ತೆಗೆದು ಮುಳುಗಣ್ಣನನ್ನು ಹೊಲಿದವಳೂ ಅವಳೇ. ಅವಳು ಮೆಷಿನ್ನಿನ ಸದ್ದಿನಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ಮೇಜಿನ ಮೇಲಿದ್ದ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ತುಂಡನ್ನು ಜೇಬಿಗಿಳಿಸಿದೆ. ಅದನ್ನು ಪುಡಿ ಮಾಡಿ ಗೊಂಬೆಯ ಒಳಗೆ, ಬೆರಳು ಹೋಗುವ ಕಡೆಯೆಲ್ಲ ಸವರಿ ಊಟಕ್ಕೆ ನಡೆದೆ.

ಊಟವಾದ ಮೇಲೆ ಬಾಯಿ ಮತ್ತೆ ಮುಚ್ಚಿತ್ತು. ನೇರ ಹೋಗಿ ಅಳಿಲಿನವನ ಕೈ ಕುಲುಕಿದೆ. ಇಷ್ಟು ದಿನ ಇಲ್ಲದ ಪ್ರೀತಿ ಕಂಡು ಅವನು ಗಾಬರಿಯಾದ. ಕೈ ಸ್ವಚ್ಛವಾಗಿತ್ತು. ತೊಳೆದುಕೊಂಡಿದ್ದಾನೆ, ಎಂಥ ಪಾಕಡಾ! ಸಮಯ ಕೇಳುವ ನೆಪದಲ್ಲಿ ನಿರ್ದೇಶಕರ ಕೈಯನ್ನೂ ನೋಡಿದೆ. ಅಲ್ಲೂ ಏನಿಲ್ಲ. ಸಂಜೆ ಮನೆಯಲ್ಲಿ ಹೆಂಡತಿ ತಟ್ಟೆ ಮುಂದಿಟ್ಟಾಗ ಅವಳ ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಅದು ಇದ್ದದ್ದೇ, ದರ್ಜಿಯ ಬೆರಳಲ್ಲಿ ಸೀಮೆಸುಣ್ಣ ಇರದೆ ಇನ್ನೇನಿರುತ್ತದೆ? ನಾನು ಅಳಿಲಿನವನ ಬಗ್ಗೆಯೇ ಯೋಚಿಸುತ್ತ ಉಂಡು ಎದ್ದೆ.

ಮರುದಿನ ಎಲ್ಲರ ಎದುರಿಗೆ ಊಟಕ್ಕೆ ಹೊರಟವನಂತೆ ಹೊರಟು, ಹಿಂಬಾಗಿಲಿನಿಂದ ಒಳಗೆ ನುಸುಳಿದೆ. ಸೆಟ್ಟಿನ ಪ್ಲೈವುಡ್ ಮರದ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಬಾಗಿಲು ಕಿರುಗುಟ್ಟಿತು. ಅಳಿಲಿನವನಿಗೆ ಏನೇನು ಅನ್ನಬೇಕೆಂದು ಆಗಲೇ ನಾಲಿಗೆ ತುದಿಯಲ್ಲಿ ಜೋಡಿಸಿಕೊಂಡಿದ್ದೆ.

ಬಂದವಳು ನನ್ನ ಹೆಂಡತಿ. ಊಟದ ಡಬ್ಬಿಯನ್ನು ದಿಮ್ಮಿಯ ಮೇಲಿಟ್ಟಳು, ಮುಳುಗಣ್ಣನನ್ನು ಗೂಟದಿಂದ ಇಳಿಸಿ ಎಡಗೈಗೆ ತೊಟ್ಟಳು, ಪಕ್ಕದಲ್ಲಿ ಕೂತಳು. ಗೊಂಬೆ ಅವಳ ಕಡೆ ತಿರುಗಿತು.

"ಯಾಕೆ ಮುಖ ಬಾಡಿದೆ ಬಂಗಾರ?"

ನನ್ನದೇ ದನಿ. ಕಣ್ಣು ಮುಚ್ಚಿದ್ದರೆ ನಾನೇ ಮೋಸ ಹೋಗುತ್ತಿದ್ದೆ.

"ಸೊಂಟ ನೋವು ಕಣೋ," ಎಂದಳು ತನ್ನ ದನಿಯಲ್ಲಿ, ಡಬ್ಬಿ ಬಿಚ್ಚುತ್ತ. "ಬೆಳಗ್ಗಿಂದ ಬಗ್ಗಿಸಿದ ತಲೆ ಎತ್ತಿಲ್ಲ."

"ಮನೇಲಿ ಹೇಳ್ಲಿಲ್ವಾ?"

"ಯಾರಿಗೆ, ನಮ್ಮನೆಯವ್ರಿಗಾ? ಯಾಕೆ ಬಂತು, ಯಾರು ಏನಂದ್ರು, ಅಷ್ಟೊಂದು ಕೆಲ್ಸ ಯಾರು ಕೊಟ್ರು ಅಂತ ವಿಚಾರಣೆ ಶುರುವಾಗುತ್ತೆ. ನೋವಿದ್ಯಾ ಅಂತ ಮಾತ್ರ ಕೇಳಲ್ಲ."

ಮುಳುಗಣ್ಣ ಅವಳ ಭುಜಕ್ಕೆ ಮೂತಿ ಆನಿಸಿದ. "ಬಾ, ನನ್ನ ಪಕ್ಕ ಕೂತ್ಕೋ."

"ಕೂತೇ ಇದೀನಲ್ಲೋ, ಪೆದ್ದು," ಎಂದು ಅವಳು ನಕ್ಕಳು. ಆ ನಗು ಕೇಳಿ ಯಾವ ಕಾಲವಾಗಿತ್ತೋ.

ಸದ್ಯ, ಗೊಂಬೆ ನನ್ನ ಕೈತಪ್ಪುವುದಿಲ್ಲ ಎಂದು ಮೊದಲು ಸಮಾಧಾನವಾಯಿತು. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಮುಳುಗಣ್ಣನ ಮೇಲೆ ಹೊಟ್ಟೆಕಿಚ್ಚೂ ಆಯಿತು. ನನ್ನ ದನಿಯಿಂದಲೇ ಅವನು ನನ್ನ ಹೆಂಡತಿಯನ್ನು ನಗಿಸುತ್ತಿದ್ದ. ಅವಳು ಊಟ ಮುಗಿಸಿ, ಗೊಂಬೆಯ ತಲೆ ನೇವರಿಸಿ, ಬಾಯಿ ಒತ್ತಿ ಮುಚ್ಚಿ, ಗೂಟಕ್ಕೆ ಸಿಕ್ಕಿಸಿ ಹೋಗುವವರೆಗೂ ನಾನು ಪ್ಲೈವುಡ್ ಮರದ ಹಿಂದೆ ಕಂಬದಂತೆ ನಿಂತಿದ್ದೆ. ನಿರ್ದೇಶಕರು ಹೇಳಿದ ಬದಲಾವಣೆ ಆ ಮರಕ್ಕೆ ಹೊಸ ಬಣ್ಣ ಬಳಿಯುವುದಷ್ಟೇ ಎಂದು ಮಧ್ಯಾಹ್ನ ತಿಳಿಯಿತು. ಅಳಿಲಿನವನಿಗೆ ಒಂದು ಕಾಫಿ ಕೊಡಿಸಿದೆ. ಅವನು ಇನ್ನಷ್ಟು ಗಾಬರಿಯಾದ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸುಸ್ತಾಗಿದ್ಯಾ?" ಎಂದು ಕೇಳಿದೆ.

ಅವಳು ಸೌಟು ಕೆಳಗಿಟ್ಟಳು. "ಏನಾಯ್ತು? ಕೆಲ್ಸದಿಂದ ತೆಗೆದ್ರಾ?"

"ಇಲ್ಲ."

"ಮತ್ತೆ? ಯಾರ ಜೊತೆ ಜಗಳ ಆಡ್ಕೊಂಡು ಬಂದ್ರಿ? ನಿಜ ಹೇಳಿ."

"ಸುಮ್ನೆ ಕೇಳ್ದೆ ಕಣೇ."

"ನೀವು ಸುಮ್ನೆ ಕೇಳೋವ್ರಲ್ಲ ರೀ," ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಥೇಟ್ ಪತ್ತೇದಾರರ ಹಾಗೆ.

ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಗೊತ್ತಿದ್ದ ಒಂದೇ ದಾರಿ ಹಿಡಿದೆ. ಮುಳುಗಣ್ಣನ ದನಿ ತೆಗೆದು, "ಬಾ ಬಂಗಾರ, ನನ್ನ ಪಕ್ಕ ಕೂತ್ಕೋ" ಎಂದೆ.

ಅವಳ ಮುಖದ ಬಣ್ಣ ಇಳಿಯಿತು. ನಾನು ನೋಡಿದ್ದೇನೆಂದು ಅರ್ಥವಾಗಿತ್ತು. ನೀಲಿ ಹತ್ತಿದ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಆ ದನಿ ನಂಗೂ ಬರುತ್ತೆ. ನಿಮ್ಮ ದನೀಲಿ ಕೇಳಿ."

ಗಂಟಲು ಸರಿಮಾಡಿಕೊಂಡೆ. ಪ್ರತಿ ಕಂತಿನಲ್ಲೂ ಅಳಿಲನ್ನು ಪಾರು ಮಾಡಿದವನಿಗೆ ಒಂದು ಮಾತು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು. ಅವಳು ಒಲೆ ಆರಿಸಿ ಕಾದಳು.

"ಸೊಂಟ ತುಂಬಾ ನೋಯ್ತಿದ್ಯಾ?" ಎಂದೆ. ದನಿ ಒಡೆದು ಒರಟಾಗಿ ಬಂತು.

ಅವಳು ಇನ್ನೊಂದು ಕುರ್ಚಿ ಎಳೆದು ನನ್ನ ಪಕ್ಕದಲ್ಲಿ ಕೂತಳು. ಪೂರ್ತಿ ಅಲ್ಲ, ತುದಿಯಲ್ಲಿ.