ಬಿಟ್ಟ ಎಳೆ

ಗೆರೆ ಕೂಡಿರಲಿಲ್ಲ. ಪಾರ್ಕಿನ ಕಾಂಪೌಂಡ್ ಗೋಡೆಯ ಮೇಲೆ, ಆರಾಧನಾಳ ಪಾಲಿಗೆ ಬಂದ ಚೌಕದಲ್ಲಿ, ನೀಲಿ ಗೆರೆಯೊಂದು ಕೆಳಗಿನಿಂದ ಹೊರಟು, ನಡುಗುತ್ತ ಬಳುಕುತ್ತ ಚಿತ್ರದ ಇಡೀ ಮನೆಯನ್ನು ಸುತ್ತಿ ಬಂದು, ಇನ್ನೇನು ಹೊರಟ ಜಾಗವನ್ನು ಸೇರಬೇಕು ಅನ್ನುವಷ್ಟರಲ್ಲಿ ನಿಂತುಬಿಟ್ಟಿತ್ತು. ನಡುವೆ ಒಂದು ಗೇಣು ಖಾಲಿ. ಆರಾಧನಾಳ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಿಂದುಶ್ರೀ ಕೈ ತೊಳೆಸಲು ನಲ್ಲಿಯ ಹತ್ತಿರ ಹೋಗಿದ್ದಳು. ಬ್ರಷ್ಷು ಡಬ್ಬಿಯ ಮೇಲೆ ಅಡ್ಡಡ್ಡ ಮಲಗಿತ್ತು. ಅಲಮೇಲು ಅತ್ತ ಇತ್ತ ನೋಡಿದಳು, ಸೆರಗು ಸಿಕ್ಕಿಸಿದಳು, ಬಗ್ಗಿ ಆ ಗೇಣನ್ನು ಒಂದೇ ಎಳೆಯಲ್ಲಿ ಮುಚ್ಚಿಬಿಟ್ಟಳು.

ಪಳಗಿದ ಕೈ ಅದು. ಮಲ್ಲೇಶ್ವರದ ಮನೆಯ ಹೊಸ್ತಿಲ ಮುಂದೆ ದಿನಾ ಬೆಳಿಗ್ಗೆ ಚುಕ್ಕಿಯಿಟ್ಟು ಎಳೆ ಸುತ್ತುವ ಕೈ. ಎಳೆ ಬಿಟ್ಟರೆ ಮನೆಯ ಲಕ್ಷ್ಮಿ ಆ ಸಂದಿಯಲ್ಲೇ ಹೊರಗೆ ನಡೆಯುತ್ತಾಳೆ ಎಂದು ಅವಳ ತಾಯಿ ಹೇಳುತ್ತಿದ್ದರು. ಅಲಮೇಲು ಅದನ್ನು ನಂಬಿದ್ದಳೋ ಇಲ್ಲವೋ, ಕೂಡದ ಎಳೆ ಕಂಡರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಮಗಳ ವಿಷಯದಲ್ಲೂ ಅಷ್ಟೇ. ಹುಟ್ಟುವಾಗಲೇ ಸೆರೆಬ್ರಲ್ ಪಾಲ್ಸಿ ಅಂಟಿಸಿಕೊಂಡು ಬಂದ ಆರಾಧನಾ ಅರ್ಧ ಹಾಕಿದ ಗುಂಡಿ, ಅರ್ಧ ಎತ್ತಿದ ಲೋಟ, ಅರ್ಧ ಆಡಿದ ಮಾತು ಎಲ್ಲವನ್ನೂ ಈ ಹನ್ನೊಂದು ವರ್ಷ ಅಲಮೇಲುವೇ ಪೂರ್ತಿ ಮಾಡಿಕೊಂಡು ಬಂದಿದ್ದಳು. ಮಗಳ ಒಂದೊಂದು ಸ್ವರಕ್ಕೂ ಅರ್ಥ ಬಲ್ಲವಳು ಅವಳೊಬ್ಬಳೇ. ಗಂಡ ರಾಮಾನುಜನಿಗೇ ಎಷ್ಟೋ ಸಲ ಅವಳು ಬಿಡಿಸಿ ಹೇಳಬೇಕಿತ್ತು. ಅದರಲ್ಲಿ ಆಯಾಸವೂ ಇತ್ತು, ಸುಳ್ಳೇಕೆ, ಒಂದು ಹೆಮ್ಮೆಯೂ ಇತ್ತು.

ಗೋಡೆಯ ಕೆಲಸ ಶುರು ಮಾಡಿದ್ದು ಚಿತ್ರಕಲೆಯ ಮೇಡಂ ವಿಶಾಖಾ. ಬಡಾವಣೆಯ ಮಕ್ಕಳೂ ಆರಾಧನಾಳಂಥ ಮಕ್ಕಳೂ ಜೋಡಿಯಾಗಿ ಭಾನುವಾರ ಭಾನುವಾರ ಬಂದು, ಒಂದೊಂದು ಚೌಕ ಹಂಚಿಕೊಂಡು ಬರೆಯಬೇಕು. ವಿಶಾಖಾ ಹಾಕಿದ್ದು ಒಂದೇ ನಿಯಮ: ದೊಡ್ಡವರು ಬ್ರಷ್ ಮುಟ್ಟುವ ಹಾಗಿಲ್ಲ, ರಸ್ತೆಯ ಆಚೆ ಬದಿ, ಬಾಗಿಲು ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿರಬೇಕು. ಅಲಮೇಲು ಮಾತ್ರ ಅಪ್ಪಣೆ ಪಡೆದು ಈಚೆಯೇ ಉಳಿದಿದ್ದಳು. ತಾನಿಲ್ಲದಿದ್ದರೆ ಮಗಳ ಮಾತು ಯಾರಿಗೆ ತಿಳಿಯಬೇಕು ಎಂದಿದ್ದಳು. ವಿಶಾಖಾ ಒಂದು ಗಳಿಗೆ ಅವಳ ಮುಖ ನೋಡಿ, ಆಯಿತು ಎಂದಿದ್ದಳು.

ಅಲಮೇಲುಗೆ ಚಿತ್ರದ ಹುಚ್ಚೇನೂ ಇರಲಿಲ್ಲ. ಬೇಕಾಗಿದ್ದದ್ದು ಮಗಳಿಗೊಬ್ಬಳು ಗೆಳತಿ. ಹೋದ ಹುಟ್ಟುಹಬ್ಬಕ್ಕೆ ಅಕ್ಕಪಕ್ಕದ ಮಕ್ಕಳನ್ನೆಲ್ಲ ಕರೆದಿದ್ದಳು. ಅವು ಕೇಕು ತಿಂದು, ಗಾಲಿಕುರ್ಚಿಯನ್ನು ನಡುಮನೆಯಲ್ಲಿ ಒಂದು ಸುತ್ತು ತಳ್ಳಿ, ಕೆಳಗೆ ಆಡಲು ಓಡಿಹೋಗಿದ್ದವು. ಆರಾಧನಾ ತಲೆಯ ಮೇಲೆ ಬಣ್ಣದ ಟೋಪಿ ಇಟ್ಟುಕೊಂಡೇ ಕಿಟಕಿಯಿಂದ ಅವುಗಳ ಗಲಾಟೆ ಕೇಳಿಸಿಕೊಂಡಿದ್ದಳು. ಟೋಪಿ ತೆಗೆಯಲು ಹೋದರೆ ಬೇಡವೆಂದು ತಲೆ ಅಲ್ಲಾಡಿಸಿದ್ದಳು.

ಆದರೆ ವೈಯಾಲಿಕಾವಲ್‌ನಿಂದ ಬರುವ ಈ ಬಿಂದುಶ್ರೀ ಬೇರೆ ಥರದ ಹುಡುಗಿ. ಓಡಿಹೋಗಲಿಲ್ಲ. ಆರಾಧನಾ ಹಿಡಿಯಲೆಂದು ಬ್ರಷ್ಷಿಗೆ ಹಳೇ ಟವೆಲ್ಲಿನ ಚೂರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಟ್ಟಳು. ಅವಳ ಕೈ ಗೋಡೆ ತಲುಪುವ ತನಕ ಡಬ್ಬಿ ಹಿಡಿದು ಕಾದಳು, ಕಾಯುತ್ತಿದ್ದೇನೆ ಎಂಬ ಮುಖ ಮಾಡದೆ. ಆ ಭಾನುವಾರಗಳ ಸಂಜೆ ಆರಾಧನಾ ಊಟದ ಹೊತ್ತಿಗೂ ಉಗುರಿನ ಬಣ್ಣ ತೊಳೆಯಲು ಬಿಡುತ್ತಿರಲಿಲ್ಲ.

ಇಬ್ಬರೂ ನಲ್ಲಿಯಿಂದ ತಿರುಗಿ ಬಂದರು. ಆರಾಧನಾಳ ಕಣ್ಣು ಗೋಡೆಗೆ ಹೋಯಿತು, ಅಲ್ಲೇ ನಿಂತಿತು.

"ಯಾರು ಮುಚ್ಚಿದ್ದು?" ಎಂದಳು ಬಿಂದುಶ್ರೀ.

ತಾನೇ ಸ್ವಲ್ಪ ಸೇರಿಸಿದೆ, ಬಿಟ್ಟುಹೋಗಿತ್ತಲ್ಲ ಎಂದು ಅಲಮೇಲು ನಗಲು ನೋಡಿದಳು.

"ಬಿಟ್ಟುಹೋಗಿರ್ಲಿಲ್ಲ ಆಂಟಿ. ಅದು ಬಾಗಿಲು. ಕರಿಯ ಒಳಗೆ ಬರ್ಲಿ ಅಂತ ಬಿಟ್ಟಿದ್ವಿ."

ಕರಿಯ ಎಂದರೆ ಪಾರ್ಕಿನ ಗೇಟಿನ ಹತ್ತಿರ ಬಿದ್ದುಕೊಂಡಿರುವ ಬೀದಿನಾಯಿ. ಚಿತ್ರದಲ್ಲಿ, ಗೆರೆಯ ಹೊರಗೆ, ಒಂದು ಕಪ್ಪು ಮುದ್ದೆಯಿತ್ತು. ಬಣ್ಣ ಚೆಲ್ಲಿದೆ ಎಂದುಕೊಂಡು ಹೋದ ವಾರ ಅದನ್ನು ಒರೆಸಲೂ ಹೋಗಿದ್ದಳು ಅಲಮೇಲು. ಈಗ ನೋಡಿದರೆ ಅದಕ್ಕೆ ಬಾಲವಿತ್ತು.

"ಬಾಗಿಲು ಅಂತ ಯಾರು ಹೇಳಿದ್ದು?"

"ಆರಾನೇ."

"ಯಾವಾಗ? ನನಗೆ ಕೇಳಿಸ್ಲೇ ಇಲ್ವಲ್ಲ."

"ನೀವು ನೀರು ತರಕ್ಕೆ ಹೋಗಿದ್ರಲ್ಲ, ಆಗ. ನನಗೆ ಹೇಳಿದ್ಲು."

ಅಲಮೇಲು ಕೈಗೆ ತುರುಕಿದ ಬ್ರಷ್ಷನ್ನು ಆರಾಧನಾ ಹಿಡಿಯಲಿಲ್ಲ. ಅದು ಮಡಿಲಿಂದ ಜಾರಿ, ಲಂಗಕ್ಕೆ ನೀಲಿ ಬಳಿದು, ಕೆಳಗೆ ಬಿತ್ತು. ಅಲಮೇಲು ಎತ್ತಿಕೊಟ್ಟಳು. ಮತ್ತೆ ಬಿತ್ತು. ಬಿಂದುಶ್ರೀ, ಅಜ್ಜಿ ಕಾಯುತ್ತಿರುತ್ತಾರೆ ಎಂದು ಹೇಳಿ ಹೊರಟುಹೋದಳು. ಬರುವ ಭಾನುವಾರ ಬರುತ್ತೇನೆ ಎಂದು ಹೇಳಲಿಲ್ಲ.

ಆ ವಾರ ಮನೆಯಲ್ಲಿ ಮಾತೇ ಇರಲಿಲ್ಲ. ಮಗಳ ಮಾತು ಮೊದಲೂ ಕಡಿಮೆಯೇ, ಆದರೆ ಮೌನದಲ್ಲೂ ವ್ಯತ್ಯಾಸ ಇರುತ್ತದೆಂದು ಅಲಮೇಲುಗೆ ಗೊತ್ತಾಯಿತು. ಅನ್ನದ ಚಮಚ ಬಾಯಿಯ ಹತ್ತಿರ ಒಯ್ದರೆ ಆರಾಧನಾ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ರಾಮಾನುಜ ತಿನ್ನಿಸಿದರೆ ತಿನ್ನುತ್ತಿದ್ದಳು. ಅವನು, ಒಂದು ಚೂರು ಬಣ್ಣ ತಾನೇ, ಮರೀತಾಳೆ ಬಿಡು ಎಂದ. ಬಣ್ಣದ ಮಾತಲ್ಲ ಎಂದು ಅವನಿಗೆ ಹೇಗೆ ಹೇಳುವುದು? ಇಷ್ಟು ವರ್ಷಕ್ಕೆ ಬಂದ ಒಬ್ಬಳೇ ಗೆಳತಿಯನ್ನು ತನ್ನ ಕೈಯಾರೆ ಕಳಿಸಿಬಿಟ್ಟೆನಲ್ಲ ಎಂದು ಅವಳು ತನ್ನನ್ನೇ ಬಯ್ದುಕೊಳ್ಳುತ್ತಿದ್ದಳು. ಅದಕ್ಕಿಂತ ಒಳಗೆ, ಯಾರಿಗೂ ಹೇಳಲಾಗದ ಇನ್ನೊಂದು ಸಂಕಟ: ಮಗಳು ಒಂದು ಮಾತಾಡಿದ್ದಳು, ಅದು ತನ್ನ ಮೂಲಕ ಹೋಗಿರಲಿಲ್ಲ. ತಾಯಿಗೆ ಖುಷಿಯಾಗಬೇಕಾದ ಸಂಗತಿ. ಆಗಲಿಲ್ಲ ಎಂಬ ನಾಚಿಕೆಯೂ ಸೇರಿ ಅವಳು ಒಬ್ಬಳೇ ಆಗಿಹೋದಳು. ಬೆಳಿಗ್ಗೆ ಹೊಸ್ತಿಲ ಮುಂದೆ ಕೂತರೆ ಎಳೆ ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ, ರಂಗೋಲಿ ಪುಡಿ ಬೆರಳ ಸಂದಿಯಲ್ಲಿ ಸುಮ್ಮನೆ ಸೋರುತ್ತಿತ್ತು.

ಭಾನುವಾರ ಬೇಗ ಹೋಗಿ, ತಾನು ಮಾಡಿದ್ದನ್ನು ವಿಶಾಖಾಗೆ ಹೇಳಿದಳು. ವಿಶಾಖಾ ಬಯ್ಯಲಿಲ್ಲ. ಗೋಡೆಯದೇ ಬಿಳಿ ಬಣ್ಣವಿದ್ದ ಸಣ್ಣ ಡಬ್ಬಿಯೊಂದನ್ನು ಚೌಕದ ಕೆಳಗೆ ಇಟ್ಟು, "ಮಕ್ಕಳಿಗೆ ಬೇಕಾದ್ರೆ ಬಾಗಿಲು ಅವರೇ ತೆಗೀತಾರೆ ಬಿಡಿ" ಎಂದು ಮುಂದಿನ ಚೌಕಕ್ಕೆ ಹೋದಳು.

ಬೇರೆ ಜೋಡಿಗಳೆಲ್ಲ ಬಂದು ಕೆಲಸಕ್ಕೆ ಕೂತವು. ಬಿಂದುಶ್ರೀಯ ಸುಳಿವಿಲ್ಲ. ಆರಾಧನಾ ಮುಚ್ಚಿದ ಗೆರೆಯನ್ನೇ ನೋಡುತ್ತ ಕೂತಿದ್ದಳು. ಬಿಸಿಲು ಗೋಡೆಯ ಅರ್ಧಕ್ಕೆ ಇಳಿಯಿತು. ಅಲಮೇಲು ಮಗಳ ಹಣೆ ಒರೆಸಿದಳು, ಕೊಡೆ ಬಿಚ್ಚಿದಳು, ಮಡಿಸಿದಳು, ಸಿಪ್ಪರ್ ಬಾಟಲಿ ಬಾಯಿಗೆ ಹಿಡಿದಳು. ಆರಾಧನಾ ಮುಖ ತಿರುಗಿಸಿದಳು. ಇವತ್ತು ಆ ಹುಡುಗಿ ಬಾರದಿದ್ದರೆ ಈ ಮುಖವನ್ನು ಮನೆಗೆ ಹೇಗೆ ಕರೆದುಕೊಂಡು ಹೋಗಲಿ ಎಂದು ಅಲಮೇಲು ಕಂಡ ಕಂಡ ದೇವರಿಗೆಲ್ಲ ಮೊರೆಯಿಟ್ಟಳು.

ಬಿಂದುಶ್ರೀ ತಡವಾಗಿ, ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕಿಸುತ್ತ ಬಂದಳು. ಅಜ್ಜಿ ಎಣ್ಣೆನೀರು ಹಾಕಿದರು, ಅದಕ್ಕೇ ಲೇಟು ಎಂದಳು, ಅಲಮೇಲುಗಲ್ಲ, ಆರಾಧನಾಗೆ. ಹೋದ ವಾರದ ಮಾತೇ ಎತ್ತದೆ ಬಿಳಿ ಡಬ್ಬಿಯ ಮುಚ್ಚಳ ತೆಗೆದಳು. ಅಲಮೇಲು ಅಭ್ಯಾಸಬಲದಿಂದ ಮಗಳ ಮೊಣಕೈಗೆ ಆಸರೆ ಕೊಡಲು ಬಗ್ಗಿದಳು.

ಆರಾಧನಾ ತಲೆಯೆತ್ತಿ ಅವಳನ್ನು ನೋಡಿದಳು. ಆ ವಾರದಲ್ಲಿ ಅದೇ ಮೊದಲು. ಬಾಯಿ ವಾರೆಯಾಯಿತು, ಕತ್ತಿನ ನರ ಉಬ್ಬಿತು. ಮುಂದಿನ ಮಾತು ಏನೆಂದು ಅಲಮೇಲುಗೆ ಆಗಲೇ ಗೊತ್ತಿತ್ತು. ಆದರೂ ತಾನು ಮುಗಿಸಿಕೊಡಲಿಲ್ಲ, ಕಾದಳು.

"ಅಮ್ಮ... ಆ... ಕಡೆ."

ಅಲಮೇಲು ಚೀಲ ತೆಗೆದುಕೊಂಡು ರಸ್ತೆ ದಾಟಿದಳು.

ಮೆಟ್ಟಿಲ ಮೇಲೆ ಕೂತಿದ್ದ ತಾಯಂದಿರಿಗೆ ಆಗಲೇ ಪರಸ್ಪರ ಪರಿಚಯ ಬೆಳೆದಿತ್ತು. ಅವರು ಯಾವುದೋ ಟ್ಯೂಷನ್ ವಿಷಯ ಮಾತಾಡಿಕೊಳ್ಳುತ್ತಲೇ ಸ್ವಲ್ಪ ಸರಿದು ಜಾಗ ಮಾಡಿದರು. ಅಲಮೇಲು ತುದಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಟವೆಲ್ಲು, ಚಮಚ, ಬೇರೆ ಜೊತೆ ಬಟ್ಟೆ, ನೀರು. ಅಲ್ಲಿಂದ ಮಕ್ಕಳ ಬೆನ್ನು ಮಾತ್ರ ಕಾಣುತ್ತಿತ್ತು. ನೀರಿನ ಕ್ಯಾನುಗಳ ಟೆಂಪೋ ಒಂದು ಅಡ್ಡ ಬಂದು ನಿಂತು, ಹಾರ್ನ್ ಹೊಡೆದು ಹೋಯಿತು. ಅದು ಸರಿದಾಗ ನೀಲಿಯ ಮೇಲೆ ಬಿಳಿ ಹತ್ತಿತ್ತು, ಸೊಟ್ಟಗೆ, ಮೊದಲಿದ್ದ ಸಂದಿಗಿಂತ ಅಗಲವಾಗಿ.

ಬಿಂದುಶ್ರೀ ಬಗ್ಗಿ ಏನೋ ಕೇಳಿದಳು. ಆರಾಧನಾ ಏನೋ ಹೇಳಿದಳು. ಆಮೇಲೆ ಇಬ್ಬರೂ ನಕ್ಕರು. ಆರಾಧನಾಳ ನಗು ರಸ್ತೆ ದಾಟಿ ಕೇಳಿಸುವಷ್ಟು ಜೋರಾಗಿತ್ತು. ಯಾಕೆ ನಕ್ಕಳು ಎಂದು ಅಲಮೇಲುಗೆ ತಿಳಿಯಲಿಲ್ಲ.

"ನಿಮ್ಮ ಮಗಳಾ? ಏನಂತೆ?" ಎಂದರು ಪಕ್ಕದವರು.

"ಗೊತ್ತಿಲ್ಲ" ಎಂದಳು ಅಲಮೇಲು.

ಬಿಸಿಲು ಮೆಟ್ಟಿಲಿಗೂ ಬಂದಿತ್ತು. ಅವಳು ಚೀಲದಿಂದ ಮಗಳ ಸಿಪ್ಪರ್ ಬಾಟಲಿ ತೆಗೆದಳು, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು, ಆಮೇಲೆ ಮುಚ್ಚಳ ತಿರುಗಿಸಿ ತಾನೇ ನೀರು ಕುಡಿದಳು.