ಬಳೆಯ ಕೆಳಗೆ

ಹಲೋ ಹಲೋ ಮೈಕ್ ಟೆಸ್ಟಿಂಗ್, ಇವನು ಇನ್ನೊಂದು ಸಲ ಊದಿದರೆ ನನ್ನ ಕಿವಿ ಹರಿಯುತ್ತದೆ, ಒಡೆದ ಕಾಯಿಯ ನೀರು ಬಿಸಿಲಿಗೆ ಹುಳಿಯಾಗಿ ನಾರುತ್ತಿದೆ, ಅದರ ಮೇಲೆ ಊದುಬತ್ತಿ, ಅದರ ಮೇಲೆ ಭತ್ತದ ಹೊಟ್ಟಿನ ಧೂಳು, ಮಾನ್ವಿಯ ಈ ಗಿರಣಿ ಅಂಗಳದಲ್ಲಿ ಉಸಿರೆಳೆದರೆ ಮೊದಲು ಹೊಟ್ಟು ಬರುತ್ತದೆ ಆಮೇಲೆ ಗಾಳಿ, ಇದೇ ಹೊಟ್ಟಿನ ಕೋಣೆಯಲ್ಲಿ ಆ ಹುಡುಗಿ — ಬೇಡ, ಈಗ ಬೇಡ, ಕಲ್ಲು ನೋಡು ವಡಿವು, ಕಲ್ಲು ನೋಡುವುದು ತಾನೇ ನಿನ್ನ ಹಣೆಬರಹ. ಕಲ್ಲಿಗೆ ಕೆಂಪು ಬಟ್ಟೆ ಹೊದಿಸಿದ್ದಾರೆ, ಬಟ್ಟೆಯೊಳಗೆ ಒಂದು ಕೈ ಎದ್ದು ನಿಂತದ್ದು ತಿಳಿಯುತ್ತದೆ, ಮಾಸ್ತಿಯ ಕೈ, ಸತ್ತ ಗಂಡನ ಹಿಂದೆ ಬೆಂಕಿಗೆ ಹೋದವಳೆಂದು ಜನ ಕೈಮುಗಿಯುವ ಕಲ್ಲು, ಇಂಥವನ್ನು ಹುಡುಕಿಕೊಂಡು ರಾಯಚೂರಿನಿಂದ ದೇವದುರ್ಗಕ್ಕೆ ಕೆಂಪು ಬಸ್ಸುಗಳಲ್ಲಿ ಅರ್ಧ ಆಯುಷ್ಯ ಕುಲುಕಿಸಿಕೊಂಡಿದ್ದೇನೆ, ಪುಸ್ತಕ ಬರೆದಿದ್ದೇನೆ, ತಮಿಳಿನಲ್ಲೊಂದು ಕನ್ನಡದಲ್ಲೊಂದು, ಆ ಕಲ್ಲುಗಳೆಲ್ಲ ಮುನ್ನೂರು ನಾನೂರು ವರ್ಷದವು, ಮಳೆಗೆ ಮೂಗು ಸವೆದವು. ಇದು ಹೊಸದು. ಉಳಿಯ ಬಿಳಿ ಪುಡಿ ಇನ್ನೂ ಬುಡದಲ್ಲಿ ಬಿದ್ದಿದೆ. ಇದರ ಅಡಿಯ ಮಣ್ಣಿನಲ್ಲಿ ಚನ್ನಮಲ್ಲಮ್ಮ ಇದ್ದಾಳೆ, ನನ್ನ ಕಾಲೇಜಿನ ಹುಡುಗಿ, ಕಾಮಾಲೆಯಾಗಿ ಗಂಡ ಸತ್ತ, ವಾರ ಕಳೆಯುವುದರೊಳಗೆ ಇವಳು ಹೊಟ್ಟಿನ ಕೋಣೆಯಲ್ಲಿ ಸುಟ್ಟು ಸತ್ತಳು, ಮಾಸ್ತಿಯಾದಳು ಅನ್ನುತ್ತಾನೆ ಮಾವ ಗಡಿಗೆಪ್ಪ, ಗಿರಣಿಯ ಧಣಿ, ಪಕ್ಕದ ಕುರ್ಚಿಯಲ್ಲೇ ಕೂತಿದ್ದಾನೆ, ಹಣೆ ತುಂಬ ವಿಭೂತಿ, ತೊಡೆಯ ಮೇಲೆ ನನ್ನ ಪುಸ್ತಕ. ನಾಕ್ ಮಾತ್ ಅಂದ್ರ ಸಾಕ್ರಿ ವಡಿವಮ್ಮೋರ, ನಿಮ್ ಪುಸ್ತಕದಾಗ ಬರದದ್ದ ಹೇಳ್ರಿ, ಮಾಸ್ತಿ ಅನ್ನಾದು ನಮ್ ಮನಿತನಕ್ಕ ಹಿಂದಿಂದ ಬಂದದ್ದು ಅಂತ ಜನಕ್ಕ ನಿಮ್ ಬಾಯಿಲೆ ಕೇಳಿಸ್ರಿ. ನನ್ನ ಬಾಯಿಂದ ಬೇಕಂತೆ ಇವನಿಗೆ. ಇವನ ಬಾಯಿಗೆ ಮಣ್ಣು ಬೀಳ.

ಅಷ್ಟಕ್ಕೂ ನಾನು ಬರೆದದ್ದೇನು, ದೇವದುರ್ಗದ ಹತ್ತಿರದ ಒಂದು ಮಾಸ್ತಿಗಲ್ಲು ಗಡಿಗೆಪ್ಪನವರ ಹೊಲದಲ್ಲಿದೆ ಎಂದು, ಹೊಲದಲ್ಲಿದೆ ಮಾರಾಯ, ಮನೆತನದ್ದು ಅಂದೆನೇ, ಆ ಹೊಲವನ್ನು ಇವನ ಅಪ್ಪ ಯಾವನೋ ದೇಸಾಯಿಯಿಂದ ಕೊಂಡ, ಬಾವಿ, ಬೇವಿನಮರದ ಜೊತೆ ಕಲ್ಲೂ ಬಂತು, ಇವರದು ಸತ್ತವರನ್ನು ಮಣ್ಣಿಗಿಡುವ ಮನೆ, ಹೆಣಕ್ಕೆ ಬೆಂಕಿಯನ್ನೇ ಮುಟ್ಟಿಸದವರಲ್ಲಿ ಮಾಸ್ತಿ ಎಲ್ಲಿಂದ ಹುಟ್ಟಿದಳು ಎಂದು ಊರಲ್ಲಿ ಒಬ್ಬರೂ ಕೇಳಲಿಲ್ಲ, ಈ ಎಂಬತ್ತೇಳರಲ್ಲಿ ರಾಜಸ್ಥಾನದಲ್ಲಿ ಒಬ್ಬಳು ಸತಿ ಹೋದ ಸುದ್ದಿ ಪೇಪರಿನಲ್ಲಿ ಬಂತಲ್ಲ, ಹಾರ, ಕಾಯಿ, ಜನಜಂಗುಳಿಯ ಫೋಟೋ, ಅದನ್ನು ನೋಡಿಯೇ ಇವನಿಗೆ ಈ ಬುದ್ಧಿ ಬಂದಿರಬೇಕು. ಇವು ದೇವರಲ್ಲ, ಕೊಲೆಯ ಗುರುತುಗಳು ಎಂದು ಅದೇ ಪುಟದ ಕೆಳಗೆ ಬರೆದಿದ್ದೇನೆ, ಅದನ್ನು ಓದಲು ಮಾತ್ರ ಇವನ ಕಣ್ಣಿಗೆ ಪೊರೆ. ಅದನ್ನೇ ಬಾಯಿಬಿಟ್ಟು ಹೇಳಿದ್ದಕ್ಕೆ ಎಪ್ಪತ್ಮೂರರಲ್ಲಿ ಅದೇ ಹೊಲದ ಬದುವಿನ ಮೇಲೆ ನನ್ನ ಹುಬ್ಬಿಗೆ ಕಲ್ಲು ಬಿತ್ತು, ಎಲ್ಲಿಂದ ಬಂದೀಯಬೇ ಅರವದಾಕಿ, ನಮ್ಮವ್ವಗ ಕೊಲಿ ಅಂತೀಯೇನ್, ಬೀಸಿದವನ ಮುಖ ಕಾಣಲಿಲ್ಲ, ರಕ್ತ ಕಣ್ಣಿಗಿಳಿದು ಹೊಲವೆಲ್ಲ ಕೆಂಪಾಯಿತು, ಆದರೂ ಕಲ್ಲಿನ ಮೇಲೆ ಒತ್ತಿ ಹಾಸಿದ ಒದ್ದೆ ಕಾಗದ ಒಣಗುವ ತನಕ ಅಲ್ಲೇ ಕೂತು ಅಚ್ಚು ತೆಗೆದುಕೊಂಡೇ ಎದ್ದೆ, ಹಟಮಾರಿ ಕತ್ತೆ ನಾನು. ವರ್ಷಗಳ ಮೇಲೆ ಅದೇ ಕಲ್ಲಿಗೆ ಚನ್ನಮಲ್ಲಮ್ಮನನ್ನು ಕರೆದೊಯ್ದೆ, ಅವಳ ತವರೂ ದೇವದುರ್ಗವೇ, ನೀರಿನ ಕೊಡ, ಬ್ರಶ್ಶು ಹೊತ್ತು ಮುಂದೆ ಮುಂದೆ ಓಡುತ್ತಿದ್ದಳು, ಮಣಿಕಟ್ಟಿನಿಂದ ಮೊಣಕೈವರೆಗೆ ಕೆತ್ತಿದ ಬಳೆಗಳ ಮೇಲೆ ಬೆರಳಾಡಿಸಿ ಕೇಳಿದಳು, ಅಕ್ಕೋರ, ಈಕಿಗೆ ಇಷ್ಟ್ಯಾಕ ಬಳಿ ಹಾಕ್ಯಾರ್ರಿ, ಕೈನ ಕಾಣವಲ್ದಲ್ರಿ. ಸೌಭಾಗ್ಯದ ಚಿಹ್ನೆ, ಬರೆದುಕೋ ಅಂದೆ. ಪಾಪ ಬರೆದುಕೊಂಡಳು. ಎಂಥ ಜಾಣೆ ನೋಡು ನಾನು, ಥೂ.

ಅಮ್ಮನ ಕೈ ನೋಡಿ ಬೆಳೆದವಳಿಗೆ ಗೊತ್ತಾಗಬೇಕಿತ್ತು. ರಾಯಚೂರು ಸ್ಟೇಷನ್ನಿನ ಹಿಂದೆ ರೈಲ್ವೆ ಕ್ವಾರ್ಟರ್ಸು, ತಮಿಳುನಾಡಿನಿಂದ ಬಂದ ಅಪ್ಪ ಗಾರ್ಡು, ಗೂಡ್ಸು ಗಾಡಿ ಇಳಿದು ಬರುವಾಗ ಕಂಕುಳಲ್ಲಿ ಸುತ್ತಿದ ಬಾವುಟ, ಮನೆಯೊಳಗೆ ಬಾವುಟ ಬಿಚ್ಚಿಟ್ಟು ಕೋಲು ಮಾತ್ರ ಕೈಗೆ, ಸಾರಿಗೆ ಉಪ್ಪು ಹೆಚ್ಚಾದರೂ ಕೋಲು ಕಡಿಮೆಯಾದರೂ ಕೋಲು, ಅಮ್ಮ ತಲೆಗೆ ಕೈ ಅಡ್ಡ ಹಿಡಿಯುತ್ತಾಳೆ, ಮಾಂಸದ ಮೇಲೆ ಬಿದ್ದ ಸದ್ದು ಬೇರೆ, ಎಲುಬಿನ ಮೇಲೆ ಬಿದ್ದ ಸದ್ದು ಬೇರೆ, ನಾನು ಅಕ್ಕಿ ಡಬ್ಬದ ಹಿಂದೆ ಕೂತು ಕಣ್ಣು ಮುಚ್ಚಿ ಎರಡನ್ನೂ ಬೇರೆ ಬೇರೆ ಗುರುತಿಸುತ್ತೇನೆ, ಪಕ್ಕದ ಮನೆಯ ವೆಂಕಮ್ಮ ಬಂದು ಯವ್ವಾ, ನಿಮ್ ಮನ್ಯಾಗ ಅದೇನ್ ಸಪ್ಪಳಬೇ ಅಂದರೆ ಅಮ್ಮ ಮೇಲೆ ಸರಿದ ಬಳೆಗಳನ್ನು ಕೆಳಕ್ಕೆಳೆದು ಬಾವು ಮುಚ್ಚಿ ನಗುತ್ತಾಳೆ, ಒಣ್ಣುಮಿಲ್ಲೆ, ಏನೂ ಇಲ್ಲ, ಪಾತ್ರೆ ಬಿತ್ತು. ಬಾವು ಹೆಚ್ಚಾದ ವಾರ ಬಳೆಯೂ ಹೆಚ್ಚು. ಅಪ್ಪ ಸತ್ತ ದಿನ ಬಳೆ ಒಡೆದರಲ್ಲ, ಆಗ ಕಂಡಿತು ಮಣಿಕಟ್ಟು, ಮುರಿದು ಸೊಟ್ಟಗೆ ಕೂಡಿಕೊಂಡ ಎಲುಬು, ಸೇರಿದ ಹೆಂಗಸರೆಲ್ಲ ಮುತ್ತೈದೆತನ ಹೋಯಿತೆಂದು ಅತ್ತರು, ನಾನು ಎಲುಬು ನೋಡಿ ಅತ್ತೆ, ಅತ್ತು ಎದ್ದವಳು ಓದಿದೆ, ಹೆಂಗಸರ ಚರಿತ್ರೆ ಬರೆಯುತ್ತೇನೆಂದು ಹೊರಟೆ, ಸಿಕ್ಕ ಸಿಕ್ಕ ಕಲ್ಲಿನ ಕೈಯ ಅಚ್ಚು ತೆಗೆದೆ, ಅಷ್ಟಾಗಿಯೂ ಆ ಹುಡುಗಿಗೆ ಸೌಭಾಗ್ಯದ ಚಿಹ್ನೆ ಅಂದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ಅವಳು ಸುಟ್ಟಳೆಂದು ತಿಳಿದ ದಿನವೇ ಬಸ್ಸು ಹಿಡಿದು ಬಂದೆ, ಇದೇ ಅಂಗಳ, ಬಿಳಿ ಬಟ್ಟೆಯಲ್ಲಿ ಮುಖ ಮೈ ಎಲ್ಲ ಸುತ್ತಿ ಬಲಗೈ ಒಂದನ್ನೇ ಹೊರಗಿಟ್ಟಿದ್ದರು, ಜನ ಸಾಲು ಹಚ್ಚಿ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು, ನಾನೂ ಹಿಡಿದೆ, ಕೈ ಕರಿ, ಬಳೆ ಹಸಿರು, ಮೊಣಕೈವರೆಗೆ ಹೊಸ ಹಸಿರು ಗಾಜು, ಒಂದಕ್ಕೂ ಮಸಿಯಿಲ್ಲ. ಗಂಡ ಸತ್ತ ದಿನವೇ ಒಡೆದ ಬಳೆ ಮತ್ತೆ ಹೇಗೆ ಬಂತು, ಮೈಯೆಲ್ಲ ಸುಟ್ಟ ಬೆಂಕಿಗೆ ಗಾಜು ಯಾಕೆ ಸಿಡಿಯಲಿಲ್ಲ, ಕೇಳಬೇಕೆಂದು ನಾಲಗೆಯ ತುದಿಗೆ ಬಂತು, ಗಡಿಗೆಪ್ಪನ ಆಳುಗಳು ಹಿಂದಿನಿಂದ ನೂಕಿದರು, ಸಾಲು ಮುಂದೆ ಹೋಯಿತು. ಕಂಡದ್ದನ್ನು ಕಂಡೆ ಎಂದು ಬರಿ, ಕೇಳಿದ್ದನ್ನು ಕೇಳಿದೆ ಎಂದು ಬರಿ, ಊಹೆಗೆ ಊಹೆ ಅನ್ನು, ಹುಡುಗಿಯರಿಗೆ ನಾನು ಕಲಿಸುವ ಮೊದಲ ಪಾಠ ಅದು. ನಿನ್ನೆ ದಾವಲ್ ಬೀ ಬಂದಳು ರಾಯಚೂರಿಗೆ, ನನ್ನ ಮನೆಗೆ, ಮಾನ್ವಿಯ ಬಳೆಗಾರ್ತಿ, ಹೆಗಲ ಮೇಲೆ ಬಳೆ ಪೋಣಿಸಿದ ಮಲಾರ, ಬಾಗಿಲು ಹಾಕ್ರಿ ಅಕ್ಕೋರ ಅಂದು ನೆಲದ ಮೇಲೇ ಕುಸಿದಳು. ಆ ಬಳಿ ನಾ ಇಟ್ಟದ್ದರೀ, ಮದಿವ್ಯಾಗೂ ಆ ಕೈಗೆ ನಾನ ಇಟ್ಟಿದ್ದೆ, ನಸುಕಿನ್ಯಾಗ ಕರಕೊಂಡ್ ಹೋಗಿ ಹೆಣದ ಕೈಗೆ ಇಡು ಅಂದ್ರು, ಎಣ್ಣಿ ಹಚ್ಚಿ ಏರ್ಸಾಕ ಹೋದ್ರ ತೊಗಲ ಬಳಿ ಕೂಡ ಬರಾಕತ್ತು, ಯಾ ಅಲ್ಲಾ, ತೊಗಲ ಕೆಳಗ ಸುತಳಿ ಇತ್ತರೀ, ಚೀಲ ಹೊಲಿಯೋ ಸುತಳಿ, ಸುತ್ತಿ ಸುತ್ತಿ ಕಟ್ಟಿದ್ದು, ಅರ್ಧ ಸುಟ್ಟು ಮಾಂಸದಾಗ ಹೂತಿತ್ತು, ಗಡಿಗೆಪ್ಪ ಹಿಂದ ನಿಂತಾನ, ಜಲ್ದಿ ಮುಚ್ಚಬೇ ಅಂದ, ಮುಚ್ಚು ಅಂದನ್ರೀ, ಇಡು ಅನ್ನಲಿಲ್ಲ. ಯಾಕೆ ದಾವಲ್ ಬೀ, ಆ ಹುಡುಗಿ ಏನು ಮಾಡಿದ್ದಳು. ಗಂಡನ ಪಾಲು ಕೊಡ್ರಿ, ತವರಿಗೆ ಹೋಗಿ ಓದ್ತೀನಿ ಅಂದಿದ್ಲಂತರೀ, ಅಷ್ಟ. ಸ್ಟೇಷನ್ನಿಗೆ ಹೋಗೋಣ ನಡಿ ಅಂದರೆ ಕಾಲು ಹಿಡಿದಳು, ನನ್ ಹೆಸರ ಬಾಯಿಗೆ ತರಬ್ಯಾಡ್ರಿ, ನನ್ ಮಗಳು ಅದ ಗಿರಣ್ಯಾಗ ಅಕ್ಕಿ ಕೇರಾಕ ಹೋಗ್ತಾಳ, ಆ ಹೊಟ್ಟಿನ ಕ್ವಾಣಿ ಇನ್ನಾ ಅಲ್ಲೇ ಅದ. ಅವಳು ಹೋದ ಮೇಲೆ ನನ್ನ ಅಚ್ಚುಗಳನ್ನೆಲ್ಲ ಹರಡಿಕೊಂಡು ಕೂತೆ, ಕೈ, ಕೈ, ಕೈ, ಎಲ್ಲಕ್ಕೂ ಮೊಣಕೈವರೆಗೆ ಬಳೆ, ಕೆತ್ತಿದವನಿಗೂ ಯಾವನಾದರೂ ಹಿಂದೆ ನಿಂತು ಮುಚ್ಚು ಅಂದಿದ್ದನೇ, ಇಷ್ಟು ವರ್ಷ ನಾನು ಮೇಲಿನ ಬಳೆಯ ಅಚ್ಚನ್ನಷ್ಟೇ ತೆಗೆದೆನೇ. ಗಡಿಗೆಪ್ಪನ ಆಮಂತ್ರಣ ಹರಿದು ಕಸಕ್ಕೆ ಹಾಕಿದ್ದೆ. ಬೆಳಿಗ್ಗೆ ಎದ್ದು ಮಾನ್ವಿಯ ಬಸ್ಸು ಹತ್ತಿದೆ.

ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುತ್ತಾರೆ, ಹೇಗೆ ಸ್ವಾಮಿ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳದೆ ಹೋದರೆ ಈ ಕಲ್ಲಿಗೆ ವರ್ಷ ವರ್ಷ ಕಾಯಿ ಒಡೆಯುತ್ತಾರೆ, ಇನ್ನೊಂದು ಮನೆಯವನಿಗೆ ಇಂಥದ್ದೇ ಬುದ್ಧಿ ಬರುತ್ತದೆ, ಹೇಳಿದರೆ ದಾವಲ್ ಬೀ ಸಾಯುತ್ತಾಳೆ, ಅಗೋ ಕೂತಿದ್ದಾಳೆ ಹೆಂಗಸರ ಸಾಲಿನ ಕೊನೆಗೆ, ಮಡಿಲಲ್ಲಿ ಮಲಾರ, ಪಕ್ಕದಲ್ಲಿ ಮಗಳು, ನನ್ನತ್ತ ನೋಡುತ್ತಲೇ ಇಲ್ಲ. ಈಗ ಪ್ರಸಿದ್ಧ ಇತಿಹಾಸ ಪಂಡಿತರಾದ ಶ್ರೀಮತಿ ವಡಿವಮ್ಮನವರು, ಚಪ್ಪಾಳೆ, ಯಾರೋ ಬಟ್ಟೆ ಎಳೆದರು, ಎದ್ದಿತು ಕೈ, ಕಲ್ಲಿನ ಕೈಗೆ ಮೊಣಕೈವರೆಗೆ ಬಳೆ ಕೆತ್ತಿ ಹಸಿರು ಪೇಂಟು ಬಳಿದಿದ್ದಾರೆ, ಹೊಳೆಯುವ ಹಸಿರು, ಒಂದಕ್ಕೂ ಮಸಿಯಿಲ್ಲ, ನನ್ನ ಕಾಲುಗಳು ಮೈಕಿನ ಹತ್ತಿರ ಹೋಗಿವೆ, ಬಾಯಿ ತನ್ನಷ್ಟಕ್ಕೆ ತೆರೆದಿದೆ, ಈ ಕಲ್ಲ ಎತ್ರಿ, ಮಣ್ಣ ತೆಗೀರಿ, ಆಕಿ ಬಳಿ ಸರಿಸಿ ನೋಡ್ರಿ, ಕೆಳಗ ಸುತಳಿ ಅದ, ಕೈ ಕಟ್ಟಿ ಸುಟ್ಟಾರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಗಡಿಗೆಪ್ಪ ತನ್ನ ಮಣಿಕಟ್ಟನ್ನೇ ಹಿಡಿದುಕೊಂಡ, ಎದ್ದ, ಯಾವಾಕಿ ಹೇಳಿದ್ಲು ನಿಂಗ, ಯಾವಾಕಿ, ಅವನ ಕಣ್ಣು ಹೆಂಗಸರ ಸಾಲಿನ ಮೇಲೆ ಹರಿದಾಡಿತು, ಒಂದೊಂದು ಮುಖ ಬಿಟ್ಟು ಮುಂದೆ ಮುಂದೆ, ಕೊನೆಗೆ, ಮಲಾರದ ಮೇಲೆ ನಿಂತಿತು. ಕಂಡದ್ದನ್ನು ಕಂಡೆ ಎಂದು ಬರಿ, ಕೇಳಿದ್ದನ್ನು — ಹಾಳಾಗಿ ಹೋಗಲಿ ಪಾಠ. ನಾನ ನೋಡೀನಿ, ಕೂಗಿದೆ, ಮೈಕು ಚೀರಿತು, ಯಾರೂ ಹೇಳಿಲ್ಲ ನನಗ, ಆವತ್ತು ಕಣ್ಣಿಗೊತ್ಕೊಳಾಕ ಕೈ ಹಿಡದಾಗ ಬಳಿ ಸರಿಸಿ ನಾನ ನೋಡೀನಿ, ಈ ಎರಡು ಕಣ್ಣಿಲೆ ನೋಡೀನಿ, ಎಲ್ಲಿ ಬೇಕಾದ್ರ ಅಲ್ಲಿ ಬಂದು ಹೇಳ್ತೀನಿ. ಸುಳ್ಳು. ಗಡಿಗೆಪ್ಪನ ಕಣ್ಣು ಮಲಾರ ಬಿಟ್ಟು ನನ್ನ ಮೇಲೆ ಬಂತು, ಬಾ, ಇಲ್ಲೇ ಇರಲಿ ನಿನ್ನ ಕಣ್ಣು.

ಮೊದಲ ಕಲ್ಲು ಮೈಕಿಗೆ, ಎರಡನೆಯದು ಹುಬ್ಬಿಗೆ, ಅದೇ ಹಳೆಯ ಜಾಗಕ್ಕೆ, ಎಂಥ ಗುರಿ ಈ ಸೀಮೆಯವರದು, ಜುಟ್ಟಿಗೆ ಯಾರದೋ ಕೈ, ಬೆನ್ನಿಗೆ ಕಬ್ಬಿಣದ ಕುರ್ಚಿ, ಅರವದಾಕಿನ್ನ ಬಿಡಬ್ಯಾಡ್ರಲೇ, ಎಲುಬಿನ ಮೇಲೆ ಬಿದ್ದ ಸದ್ದು ಬೇರೆ, ಮಾಂಸದ ಮೇಲೆ ಬಿದ್ದದ್ದು ಬೇರೆ, ಬಾಯಿಗೆ ಮಣ್ಣು, ಅವಳ ಮೇಲಿನ ಮಣ್ಣು, ಕಾಲುಗಳ ನಡುವೆ ಯಾವಳೋ ಒಬ್ಬಳು ಕಿರುಚುತ್ತಿದ್ದಾಳೆ, ಸರೀರಿ, ಕಲ್ಲ ಎತ್ತಿ ನೋಡೇ ಬಿಡಾಣ ಸರೀರಿ, ಇನ್ನೊಬ್ಬಳು, ಹೌದಬೇ ನೋಡೇ ಬಿಡಾಣ, ಕಲ್ಲು ಅಲುಗಿದ ಸದ್ದೋ ನನ್ನ ತಲೆಯೊಳಗಿನದೋ, ಕಣ್ಣಿಗೆ ರಕ್ತ ಇಳಿದು ಎಲ್ಲ ಕೆಂಪು, ಹಸಿರು ಮಾತ್ರ ಹಸಿರು. ನೋಡೀನಿ ಅಂದೆನಲ್ಲ, ಈಗ ನೋಡಬೇಕು, ಕೊಡು ಕೈ ಚನ್ನಮಲ್ಲಿ, ಎಷ್ಟು ಹಗುರ, ಒಂದು ಬಳೆ ಸರಿಸುತ್ತೇನೆ, ಇನ್ನೊಂದು, ಒಣ್ಣುಮಿಲ್ಲೆ ಅನ್ನಬೇಡ ಅಮ್ಮಾ, ಕೆಳಕ್ಕೆಳೆಯಬೇಡ, ಕೈ ಬಿಡು, ಇನ್ನೊಂದು, ಮಸಿಯಿಲ್ಲದ ಹಸಿರು, ಇನ್ನೊಂದು, ಕೆಳಗೆ ಸುತಳಿ, ಹಸಿರು ಬಳೆ, ಕೆಳಗೆ ಸುತಳಿ, ಬಳೆ ಸರಿಸು, ಸುತಳಿ