ಅಮ್ಮನ ನಗು

ಮಗಳು ಮಂಡಿಯೂರಿ ಟೀವಿಯ ಹಿಂದೆ ಕೈ ತೂರಿಸಿ ವಯರು ಸಿಕ್ಕಿಸುತ್ತಿದ್ದಳು. ಅವಳ ಬೆನ್ನ ಹಿಂದೆ, ಅದೇ ನಡುಮನೆಯಲ್ಲಿ, ಅಮ್ಮನನ್ನು ಮಲಗಿಸಿದ್ದರು. ಗಾಡಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಬಂದವರು ಬಾಡಿಗೆ ಕುರ್ಚಿಗಳಲ್ಲಿ ಗೋಡೆಗೊರಗಿ ಕುಳಿತು, ಸತ್ತೆಮ್ಮೆಗೆ ಹತ್ತು ಸೇರು ಹಾಲು ಎನ್ನುವ ಹಾಗೆ ಟೈಲರಮ್ಮನ ಗುಣಗಾನ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಈ ಮನೆಯ ಹೊಸ್ತಿಲು ತುಳಿದದ್ದು ಬ್ಲೌಸಿನ ಅಳತೆ ಕೊಡಲು ಬಂದಾಗ ಮಾತ್ರ.

"ಟೀವಿ ಯಾಕಮ್ಮ ಈಗ?" ಎಂದು ಮೇಕಪ್ ಅಕ್ಕ ಮೆಲ್ಲಗೆ ಕೇಳಿದಳು. ಟೀವಿ ಸ್ಟುಡಿಯೋದಲ್ಲಿ ಟೈಲರಮ್ಮನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವಳು ಅವಳು. ಹುಡುಗಿಗೆ ಹುಟ್ಟಿದಾಗಿನಿಂದ ದೊಡ್ಡಮ್ಮ.

"ಅಮ್ಮನ ನಗು ಹಾಕ್ತೀನಿ ದೊಡ್ಡಮ್ಮ. ಆ ಅಡುಗೆಮನೆ ಎಪಿಸೋಡು. ಎಲ್ಲರೂ ಒಂದ್ಸಲ ಕೇಳ್ಲಿ."

ಮೇಕಪ್ ಅಕ್ಕ ತಟ್ಟನೆ ತಿರುಗಿ ನೋಡಿದಳು. ಮೂಲೆಯ ಮೆತ್ತನೆಯ ಕುರ್ಚಿಯಲ್ಲಿ ಮಾವಯ್ಯ ಕೂತಿದ್ದ. ಆ ಹಳೆಯ ನಗೆ ಧಾರಾವಾಹಿಯಲ್ಲಿ ಅವನು ಮನೆಯ ಹಿರಿಯನ ಪಾತ್ರ ಮಾಡಿದ್ದ. ಪಾತ್ರದ ಹೆಸರೇ ಅವನಿಗೆ ಕಾಯಂ ಆಗಿ ಅಂಟಿಕೊಂಡು, ಊರಿಗೆಲ್ಲ ಮಾವಯ್ಯನಾಗಿದ್ದ. ಬಂದವರಲ್ಲಿ ಅರ್ಧ ಜನ ಹೆಣ ನೋಡಿ ಎರಡು ನಿಮಿಷ ನಿಂತು, ಅವನನ್ನು ನೋಡುತ್ತಾ ಹತ್ತು ನಿಮಿಷ ನಿಂತಿದ್ದರು.

"ಹಾಕಮ್ಮ, ಹಾಕು. ನಿಮ್ಮಮ್ಮ ನಕ್ಕ ಹಾಗೆ ನನ್ನ ಜೋಕಿಗೆ ಯಾರೂ ನಕ್ಕಿಲ್ಲ," ಎಂದ ಮಾವಯ್ಯ.

*

ಆ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಲು ಜಾಗವಿರಲಿಲ್ಲ. ಎಪಿಸೋಡು ಸಿದ್ಧವಾದ ಮೇಲೆ ಕೆಲಸದವರನ್ನೆಲ್ಲ ಒಂದು ಕೋಣೆಯಲ್ಲಿ ಮೈಕಿನ ಸುತ್ತ ನಿಲ್ಲಿಸಿ, ಅದನ್ನು ತೋರಿಸಿ ನಗಿಸುತ್ತಿದ್ದರು. ಲೈಟಿನವರು, ಬಡಗಿ, ಚಹಾ ಕೊಡುವವನು, ಎಲ್ಲರೂ ನಗಬೇಕು. ನಗು ಬರಲಿಲ್ಲ ಅಂದರೂ ನಗಬೇಕು, ಅದೂ ಕೆಲಸದಲ್ಲೇ ಸೇರಿತ್ತು. ಟೈಲರಮ್ಮನದು ಗಂಟಲು ಬಿಚ್ಚಿದ ನಗು. ನಿರ್ದೇಶಕ ಅವಳನ್ನು ಮೈಕಿನ ಹತ್ತಿರವೇ ನಿಲ್ಲಿಸುತ್ತಿದ್ದ.

ಒಂದು ಮಧ್ಯಾಹ್ನ ಮಾವಯ್ಯ ಕೋಟಿನ ಅಳತೆಗೆಂದು ಬಟ್ಟೆ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿದ. ಬಹಳ ಹೊತ್ತಿನ ಮೇಲೆ ಮೇಕಪ್ ಅಕ್ಕ ಅಲ್ಲಿಗೆ ಹೋದಾಗ ಟೈಲರಮ್ಮ ನೆಲದ ಮೇಲೆ ಕೂತು, ತನ್ನದೇ ಬ್ಲೌಸಿನ ಹರಿದ ತೋಳನ್ನು ಸೂಜಿ ಹಿಡಿದು ಹೊಲಿಯಲು ನೋಡುತ್ತಿದ್ದಳು. ದಾರ ಸೂಜಿಯ ಕಣ್ಣಿಗೆ ಹೋಗುತ್ತಿರಲಿಲ್ಲ. ಪೋಣಿಸಿಕೊಟ್ಟವಳು ಮೇಕಪ್ ಅಕ್ಕ.

ಇಬ್ಬರೂ ನಿರ್ದೇಶಕನ ಹತ್ತಿರ ಹೋದರು. ಅವನು ಎಲ್ಲ ಕೇಳಿಸಿಕೊಂಡ. ಮುಳ್ಳು ಬಟ್ಟೆ ಮೇಲೆ ಬಿದ್ದರೂ, ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ, ಟೈಲರಾಗಿ ನಿನಗಿದು ಗೊತ್ತಿರಬೇಕಲ್ಲಮ್ಮ ಎಂದ. ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಏನೋ ಹೊಳೆದವನಂತೆ ಪೆನ್ನು ಕೈಗೆತ್ತಿಕೊಂಡ.

ಹೊಳೆದದ್ದೇನೆಂದು ಮುಂದಿನ ತಿಂಗಳು ತಿಳಿಯಿತು. ಹೊಸ ಎಪಿಸೋಡಿನಲ್ಲಿ ಮಾವಯ್ಯ ಕತ್ತಲೆಯ ಅಡುಗೆಮನೆಯಲ್ಲಿ ಕೆಲಸದವಳನ್ನು ತಬ್ಬುತ್ತಾನೆ. ಕಂಬ ಅಂದುಕೊಂಡೆ ಅನ್ನುತ್ತಾನೆ. ಕನ್ನಡಿ ನೋಡಿಕೊಂಡಿದ್ದೀಯಾ, ನಿನ್ನನ್ನು ಯಾರು ಮುಟ್ಟುತ್ತಾರೆ ಎಂದು ಮನೆಯೊಡತಿ ಕೇಳುತ್ತಾಳೆ. ಮುಟ್ಟಿದ್ದರೂ ಇಷ್ಟು ಸಿಂಗಾರ ಮಾಡಿಕೊಂಡರೆ ಇನ್ನೇನಾದೀತು ಎಂದು ಅಜ್ಜಿ ಸೇರಿಸುತ್ತಾಳೆ. ಕೊನೆಗೆ ಕೆಲಸದವಳೇ ಕೈಮುಗಿದು ಮಾವಯ್ಯನ ಕ್ಷಮೆ ಕೇಳುತ್ತಾಳೆ. ಕೆಲಸದವಳ ಬ್ಲೌಸಿನ ತೋಳು ಎಳೆದ ಕೂಡಲೇ ಕಿತ್ತು ಬರಬೇಕಿತ್ತು. ಅದಕ್ಕೆ ಕಚ್ಚಾ ಹೊಲಿಗೆ ಹಾಕಿಕೊಟ್ಟವಳು ಟೈಲರಮ್ಮ. ಮತ್ತೆ ಮತ್ತೆ ಶೂಟಿಂಗು, ಮತ್ತೆ ಮತ್ತೆ ಅದೇ ತೋಳಿಗೆ ಹೊಲಿಗೆ. ಹೊಟ್ಟೆಯ ಪಾಡು ಯಾರನ್ನು ಬಿಟ್ಟಿದೆ.

ನಗುವ ದಿನ ಅವಳನ್ನು ಎಂದಿನಂತೆ ಮೈಕಿನ ಎದುರೇ ನಿಲ್ಲಿಸಿದರು. ಅವಳು ಬಾಯಿ ತೆರೆದಳು, ಸದ್ದೇ ಹೊರಡಲಿಲ್ಲ. ನಿರ್ದೇಶಕ ಗಾಜಿನಾಚೆಯಿಂದ ಬಗ್ಗಿ ನೋಡತೊಡಗಿದ. ಇವತ್ತು ನಗದಿದ್ದರೆ ನಾಳೆಯಿಂದ ಗೇಟಿನೊಳಗೆ ಬಿಡುವುದಿಲ್ಲ, ಮನೆಯಲ್ಲಿ ಹಾಲು ಕುಡಿಯುವ ಮಗುವಿದೆ. ಮೇಕಪ್ ಅಕ್ಕ ಗೆಳತಿಯ ಭುಜಕ್ಕೆ ಭುಜ ತಾಗಿಸಿ ನಿಂತು, ಅವಳ ಪಾಲಿನದನ್ನೂ ಸೇರಿಸಿ ನಕ್ಕಳು. ಜೀವಮಾನದಲ್ಲಿ ಅಷ್ಟು ಜೋರಾಗಿ ಎಂದೂ ನಕ್ಕಿರಲಿಲ್ಲ.

*

ಈಗ ಮೇಕಪ್ ಅಕ್ಕ ಹುಡುಗಿಯ ಕೈ ಹಿಡಿದು, ಹೊಲಿಗೆ ಮಿಷನ್ನಿದ್ದ ಪಕ್ಕದ ಕೋಣೆಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು. ಟೈಲರಮ್ಮ ಸಾಯುವವರೆಗೂ ಬಾಯಿಬಿಡದ ಮಾತು. ಅವಳು ಮಣ್ಣಿಗೆ ಹೋಗುವ ದಿನವಾದರೂ ಆ ಎಪಿಸೋಡು ಅವಳ ತಲೆದೆಸೆಯಲ್ಲಿ ಓಡಬಾರದು, ಮೇಕಪ್ ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ.

ಮಗಳು ಮಿಷನ್ನಿನ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು. ಆಮೇಲೆ, "ಹಾಗೇನಾದ್ರೂ ಆಗಿದ್ರೆ ಅಮ್ಮ ಅಲ್ಲಿ ಹಾಗೆ ನಗ್ತಿದ್ಲಾ?" ಅಂದಳು.

"ಅದು ಅವಳ ನಗು ಅಲ್ಲ ಕಣೇ. ನಂದು."

"ನಾನು ಚಿಕ್ಕವಳಿದ್ದಾಗ ಅಮ್ಮನ್ನೇ ಕೇಳಿದ್ದೆ, ಇದ್ರಲ್ಲಿ ನಿನ್ನ ನಗು ಯಾವುದು ಅಂತ. ಎಲ್ಲಕ್ಕಿಂತ ಜೋರಾಗಿರೋದು ಅಂದ್ಲು." ಹುಡುಗಿ ಕೈ ಬಿಡಿಸಿಕೊಂಡಳು. "ಮನೇಲಿ ಅವಳು ಒಂದು ದಿನಾನೂ ನಗ್ಲಿಲ್ಲ ದೊಡ್ಡಮ್ಮ. ನಂಗೆ ಇರೋದು ಅದೊಂದೇ. ಅದನ್ನೂ ನಿಮ್ದು ಅಂತೀರಲ್ಲ."

"ಸುಳ್ಳು ಯಾಕೆ ಹೇಳ್ಲಿ? ಆಣೆಗೂ ನಂದೇ."

"ಹಾಗಾದ್ರೆ ನಕ್ಕು ತೋರ್ಸಿ."

ಸಾವಿನ ಮನೆ. ಬಾಗಿಲಾಚೆ ಹೆಣ. ಮೇಕಪ್ ಅಕ್ಕ ಮಿಷನ್ನಿನ ಅಂಚು ಹಿಡಿದುಕೊಂಡಳು. ಗೆಳತಿಗೋಸ್ಕರ ಒಮ್ಮೆ ನಕ್ಕವಳಿಗೆ ಇನ್ನೊಮ್ಮೆ ನಗುವುದೇನು ಮಹಾ ಎಂದುಕೊಂಡು ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಬಂದದ್ದು ಹಲ್ಲಿಲ್ಲದ ಮುದುಕಿಯ ಕೆಮ್ಮಿನಂಥ ನಗು. ನಿಲ್ಲಿಸದೆ ನಕ್ಕಳು, ಇನ್ನೂ ಜೋರಾಗಿ ನಕ್ಕಳು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಕ್ಕಳು. ಹುಡುಗಿ ಕಿವಿಗೊಟ್ಟು ಕೇಳಿದಳು. ಅವಳಿಗೆ ಆ ನಗುವಿನ ಗುರುತು ಹತ್ತಲಿಲ್ಲ.

ನಡುಮನೆಯಲ್ಲಿ ಮಾತು ನಿಂತುಹೋಯಿತು. ಬಾಗಿಲಲ್ಲಿ ತಲೆಗಳು ಸೇರಿದವು. ಜನರನ್ನು ಸರಿಸಿಕೊಂಡು ಒಳಗೆ ಬಂದವನು ಮಾವಯ್ಯ.

"ಪಾಪ, ದುಃಖ ತಲೆಗೇರಿದೆ. ಜೊತೆಗಾತಿ ಅಲ್ವಾ," ಎಂದ. ಅವಳ ಮೊಣಕೈ ಹಿಡಿದು ಹೊರಗೆ ನಡೆಸಿಕೊಂಡು ಹೋದ. ಬಿಡಿಸಿಕೊಳ್ಳಲು ಅವಳಿಗೆ ಶಕ್ತಿ ಸಾಲಲಿಲ್ಲ. ಅಂಗಳದ ಕುರ್ಚಿಯೊಂದರಲ್ಲಿ ಕೂರಿಸಿ, ಕೈಗೆ ನೀರಿನ ಲೋಟ ಕೊಟ್ಟು, ಭುಜ ತಟ್ಟಿ ಒಳಗೆ ಹೋದ. ಎಷ್ಟು ದೊಡ್ಡ ಮನಸ್ಸು ನೋಡಿ ಎಂದು ಯಾರೋ ಪಿಸುಗುಟ್ಟಿದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಧಾರಾವಾಹಿಯ ಸಂಗೀತ ಕೇಳಿಸಿತು. ಕಂಬದ ಮಾತು ಬಂತು, ಕನ್ನಡಿಯ ಮಾತು ಬಂತು. ಒಂದೆರಡು ಕುರ್ಚಿಗಳಿಂದ ನಗೆಯೂ ಎದ್ದಿತು. ಎಲ್ಲದರ ಮೇಲೆ, ಎಳೆಯ ಗಂಟಲಿನ ಆ ದೊಡ್ಡ ನಗು ಕಿಟಕಿ ದಾಟಿ ಅಂಗಳಕ್ಕೆ ಬಂತು.

ಮೇಕಪ್ ಅಕ್ಕ ಕಿಟಕಿಯೊಳಗೆ ನೋಡಿದಳು. ಹುಡುಗಿ ಅಮ್ಮನ ತಲೆಯ ಹತ್ತಿರ ಕಣ್ಣು ಮುಚ್ಚಿ ಕೂತಿದ್ದಳು. ಒಂದು ಕೈ ಅಮ್ಮನ ಹಣೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ರಿಮೋಟು ಹಿಡಿದು, ಸದ್ದು ಜೋರು ಮಾಡುತ್ತಿದ್ದಳು.